ಹಳೇ ಚೀನೀ ಕಪಾಟು ಕೊಳ್ಳುವ ಮೊದಲು ಬಾಗಿಲು ಕಳಚಿ ನೋಡಿ

ಹೋದ ವರ್ಷ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್‌ನ ಒಂದು ಅಂಗಡಿಯಲ್ಲಿ ಕಪಾಟು ಕೊಂಡೆ. 1,40,000 ಹಾಂಗ್‌ಕಾಂಗ್ ಡಾಲರ್. ನಮ್ಮ ದುಡ್ಡಲ್ಲಿ ಹದಿನೈದು ಲಕ್ಷಕ್ಕೂ ಜಾಸ್ತಿ. ಚೀನಾದ ಮಿಂಗ್ ಅರಸರ ಕಾಲದ ಕೊನೆಯದು, ಸುಮಾರು ನಾನೂರು ವರ್ಷ ಹಿಂದಿನದು, ಹ್ವಾಂಗ್‌ಹ್ವಾಲಿ ಮರದ್ದು ಅಂತ ಹೇಳಿ ಮಾರಿದರು. ಅದು ಹಳೆಯದೂ ಅಲ್ಲ, ಹ್ವಾಂಗ್‌ಹ್ವಾಲಿಯೂ ಅಲ್ಲ. ಹಾಂಗ್‌ಕಾಂಗ್, ಸಿಂಗಪುರ, ಶಾಂಘೈ ಕಡೆ ಇರುವ ನಮ್ಮವರು ಕೆಲವರಿಗೆ ಈ ಸಾಮಾನಿನ ಮೇಲೆ ಆಸೆ ಇದೆ ಅಂತ ಗೊತ್ತು. ಅದಕ್ಕೇ ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ನಾನು ಬೆಳೆದದ್ದು ಮಲೆನಾಡಿನಲ್ಲಿ. ಅಜ್ಜನ ಮನೆಯ ನಡುಮನೆಯಲ್ಲಿ ಒಂದು ಬೀಟೆ ಮರದ ಬೀರು ಇತ್ತು. ಹ್ವಾಂಗ್‌ಹ್ವಾಲಿ ನಮ್ಮ ಬೀಟೆಯ ದಾಯಾದಿ. ಎರಡೂ ಡಾಲ್ಬರ್ಜಿಯಾ ಜಾತಿಗೆ ಸೇರಿದವು. ಚೀನಾದ ಹೈನಾನ್ ದ್ವೀಪದಲ್ಲಿ ಬೆಳೆಯುವ ಮರ ಅದು. ಜೇನಿನ ಬಣ್ಣ, ಕೆರೆದರೆ ಪರಿಮಳ. ಗಂಟು ಬಂದ ಕಡೆ ಪುಟ್ಟ ಪುಟ್ಟ ಮುಖಗಳ ಹಾಗೆ ಕಾಣುತ್ತದೆ. ಚೀನೀಯರು ಅದನ್ನು ದೆವ್ವದ ಮುಖ ಅನ್ನುತ್ತಾರೆ.

ನನ್ನ ಮನಸ್ಸು ಕದ್ದದ್ದು ಮರಕ್ಕಿಂತ ಹೆಚ್ಚಾಗಿ ಕಪಾಟಿನ ಆಕಾರ. ಮೂಲೆ ದುಂಡಗಿರುವ ಈ ಬಗೆಯ ಕಪಾಟು ಕೆಳಗೆ ಅಗಲ, ಮೇಲೆ ಹೋಗುತ್ತಾ ಸ್ವಲ್ಪ ಸ್ವಲ್ಪವೇ ಕಿರಿದು. ಕಬ್ಬಿಣದ ಮೊಳೆ ಇಲ್ಲ. ಒಂದು ಮರದ ತುದಿ ಇನ್ನೊಂದರ ತೂತಿನಲ್ಲಿ ಕೂರುತ್ತದೆ. ಬಾಗಿಲಿಗೆ ಲೋಹದ ಕೀಲೂ ಇಲ್ಲ. ನಮ್ಮ ಹಳೇ ಮನೆಗಳ ಹೆಬ್ಬಾಗಿಲಿನ ಹಾಗೆ ಮೇಲೊಂದು ಕೆಳಗೊಂದು ಮರದ ಗೂಟದ ಮೇಲೆ ತಿರುಗುತ್ತದೆ. ಕಂಬಗಳು ಒಳಕ್ಕೆ ವಾಲಿರುವುದರಿಂದ ಬಾಗಿಲು ತೆರೆದು ಕೈಬಿಟ್ಟರೆ ತಾನಾಗಿಯೇ ನಿಧಾನವಾಗಿ ಮುಚ್ಚಿಕೊಳ್ಳುತ್ತದೆ. ಅಂಗಡಿಯವರು ಅದನ್ನು ಮಾಡಿ ತೋರಿಸಿದರು. ನಾನು ಆಗಲೇ ಸೋತೆ.

ವಲಸೆ ಹೋಗುತ್ತಿರುವ ಹಳೇ ಮನೆತನದ್ದು, ಅರ್ಜೆಂಟಾಗಿ ಮಾರುತ್ತಿದ್ದಾರೆ, ಅದಕ್ಕೇ ಈ ಬೆಲೆ ಅಂದರು. ಇಲ್ಲೇ ನಾನು ನಿಲ್ಲಬೇಕಿತ್ತು. 1996ರಲ್ಲಿ ನ್ಯೂಯಾರ್ಕ್‌ನ ಕ್ರಿಸ್ಟೀಸ್ ಹರಾಜಿನಲ್ಲಿ ಕ್ಯಾಲಿಫೋರ್ನಿಯಾದ ಒಂದು ಮ್ಯೂಸಿಯಂನ 107 ಚೀನೀ ಪೀಠೋಪಕರಣಗಳು ಒಂದೂ ಉಳಿಯದೆ ಮಾರಾಟವಾದವು. 2015ರಲ್ಲಿ ಅಲ್ಲೇ ನಾಲ್ಕು ಹ್ವಾಂಗ್‌ಹ್ವಾಲಿ ಕುರ್ಚಿಗಳ ಒಂದು ಸೆಟ್ 96 ಲಕ್ಷ ಅಮೆರಿಕನ್ ಡಾಲರ್ ದಾಟಿತು. ಕುರ್ಚಿಗೇ ಅಷ್ಟು ಬೆಲೆ ಇರುವಾಗ ನಾಲ್ಕು ಶತಮಾನದ ಕಪಾಟು ನನ್ನ ಸಂಬಳಕ್ಕೆ ಎಟುಕುವುದು ಹೇಗೆ ಅಂತ ಕೇಳಿಕೊಳ್ಳಲಿಲ್ಲ.

ಇನ್ನೊಂದು ತಪ್ಪೂ ಆಯಿತು. ಈ ಕಪಾಟಿನ ಬಾಗಿಲುಗಳನ್ನು ಮೇಲಕ್ಕೆತ್ತಿ ಕಳಚಬಹುದು. ಅದಕ್ಕೆಂದೇ ಮಾಡಿರುವುದು. ಕಳಚಿ ತೋರಿಸಿ ಅಂದೆ. "ತುಂಬಾ ಹಳೆಯದು, ಮುರಿದುಹೋಗುತ್ತೆ" ಅಂದರು. ಸುಮ್ಮನಾದೆ. ಹಿಂಬದಿ ನೋಡಬೇಕು ಅಂದಾಗ ಭಾರ ಜಾಸ್ತಿ, ಸರಿಸೋಕೆ ಜನ ಇಲ್ಲ ಅಂದರು. ಆಗಲೂ ಸುಮ್ಮನಾದೆ.

ಹಾಂಗ್‌ಕಾಂಗ್‌ನಲ್ಲಿ ಏಪ್ರಿಲ್ ಅಂದರೆ ಗೋಡೆ ಬೆವರುವ ಕಾಲ. ಡಿಸೆಂಬರ್‌ನಲ್ಲಿ ಒಣಗಾಳಿ. ಆ ಡಿಸೆಂಬರ್‌ನಲ್ಲಿ ಒಂದು ದಿನ ಧೂಳು ಒರೆಸುವಾಗ ಬಾಗಿಲಿನ ಹಲಗೆಯ ಅಂಚಿನಲ್ಲಿ ಬೆಂಕಿಕಡ್ಡಿಯಷ್ಟು ಅಗಲದ ಒಂದು ಪಟ್ಟಿ ಕಂಡಿತು. ಉದ್ದಕ್ಕೂ ಒಂದೇ ಸಮ, ಹೊಸ ಮರದ ಹಾಗೆ ಬಿಳಿಚಿಕೊಂಡಿತ್ತು. ಹಲಗೆ ಕುಗ್ಗಿ, ಚೌಕಟ್ಟಿನೊಳಗೆ ಅಡಗಿದ್ದ ಭಾಗ ಹೊರಗೆ ಬಂದಿತ್ತು.

ಹಳೇ ಹಲಗೆಯೂ ಹಿಗ್ಗುತ್ತದೆ, ಕುಗ್ಗುತ್ತದೆ. ಆದರೆ ನೂರಾರು ಚಳಿಗಾಲ ಕಂಡ ಅಂಚಿಗೆ ಬಣ್ಣ ಕೂತಿರುತ್ತದೆ. ನನ್ನದು ಜೋಡಿಸಿದ ಮೇಲೆ ಬಣ್ಣ ಬಳಿದದ್ದು.

ಪರಿಚಯದವರ ಮೂಲಕ ಹಳೇ ಸಾಮಾನು ರಿಪೇರಿ ಮಾಡುವ ಒಬ್ಬ ವಯಸ್ಸಾದ ಬಡಗಿಯನ್ನು ಕರೆಸಿದೆ. ಅವರು ಮುಂಭಾಗ ನೋಡಲೇ ಇಲ್ಲ. ಮೊದಲು ಎರಡೂ ಬಾಗಿಲು ಎತ್ತಿ ಕಳಚಿದರು. ಗೂಟಗಳು ಅಂಚು ಸವೆಯದೆ, ಪೂರ್ತಿ ದುಂಡಗೆ ಇದ್ದವು. ಕೂರುವ ತೂತೂ ಅಷ್ಟೇ. ತಲೆಮಾರುಗಟ್ಟಲೆ ತಿರುಗಿದ್ದರೆ ಸವೆದು ಒಂದು ಕಡೆಗೆ ವಾಲಿರಬೇಕಿತ್ತು. ಆಮೇಲೆ ಮಲಗಿ, ಟಾರ್ಚ್ ಹಿಡಿದು ತಳ ನೋಡಿದರು. ನನ್ನನ್ನೂ ಮಲಗಿಸಿ ತೋರಿಸಿದರು. ಹಲಗೆಯ ಮೇಲೆ ಬಿಲ್ಲಿನ ಹಾಗೆ ಬಾಗಿದ ಗೆರೆಗಳು, ಒಂದರ ಪಕ್ಕ ಒಂದು. ಅವು ಚಕ್ರಗರಗಸದ ಗುರುತು. ಕೈಗರಗಸದಲ್ಲಿ ಇಬ್ಬರು ಎಳೆದು ಕೊಯ್ದಿದ್ದರೆ ಗೆರೆ ನೇರವಾಗಿರುತ್ತವೆ, ಅಂತರ ಹೆಚ್ಚುಕಮ್ಮಿ ಇರುತ್ತದೆ.

ಕಾಲಿನ ತುದಿಗಳು ಕಪ್ಪಾಗಿ ಕೊಳೆತ ಹಾಗಿದ್ದವು. ನಾನು ಅದನ್ನೇ ಹಳೆಯದರ ಗುರುತು ಅಂದುಕೊಂಡಿದ್ದೆ. ಶತಮಾನಗಟ್ಟಲೆ ಒದ್ದೆ ನೆಲದ ಮೇಲೆ ನಿಂತ ಕಾಲು ನಿಜವಾಗಿಯೂ ಹಾಗೆ ಆಗುತ್ತದೆ. ಆದರೆ ನನ್ನದರ ನಾಲ್ಕೂ ಕಾಲು ಒಂದೇ ಎತ್ತರಕ್ಕೆ ಗೆರೆ ಎಳೆದ ಹಾಗೆ ಕಪ್ಪಾಗಿದ್ದವು. ಏನೋ ನೀರಲ್ಲಿ ಅದ್ದಿ ನಿಲ್ಲಿಸಿದ್ದಾರೆ ಅಂದರು. ಬಾಗಿಲಿನ ಮೇಲಿನ ಹಿತ್ತಾಳೆ ತಟ್ಟೆಗಳನ್ನು ಹಿಡಿದಿಡುವ ಪಿನ್ನುಗಳು ಒಳಗೆ ಮಡಚಿಕೊಂಡ ಕಡೆ, ಹಳೆಯದಾಗಿದ್ದರೆ ಮರದ ಮೇಲೆ ಇರಬೇಕಿದ್ದ ಕಲೆಯೇ ಇರಲಿಲ್ಲ. ಕೊನೆಗೆ ಒಳಗಡೆ ಒಂದು ಚೂರು ಕೆರೆದು ಮೂಸಿದರು. ಪರಿಮಳವಿಲ್ಲ. ಆಫ್ರಿಕಾದಿಂದ ಬರುವ ಪಡೌಕ್ ಇರಬೇಕು, ಬಣ್ಣ ಹಾಕಿದ್ದಾರೆ ಅಂದರು.

ಬಿಲ್ ತೆಗೆದುಕೊಂಡು ಅಂಗಡಿಗೆ ಹೋದೆ. ಅಲ್ಲಿ ಇನ್ನೊಂದು ಪೆಟ್ಟು ಬಿತ್ತು. ಬಿಲ್ಲಿನಲ್ಲಿ ಇದ್ದದ್ದು "ಮಿಂಗ್ ಶೈಲಿಯ ಗಟ್ಟಿಮರದ ಕಪಾಟು" ಅಂತ ಮಾತ್ರ. ಕಾಲ ಇಲ್ಲ, ಮರದ ಹೆಸರಿಲ್ಲ. ಮಿಂಗ್ ಶೈಲಿ ಅಂದರೆ ಇವತ್ತು ಬೆಳಿಗ್ಗೆ ಮಾಡಿದ್ದಕ್ಕೂ ಹೇಳಬಹುದಾದ ಮಾತು, ಅಲ್ವಾ? ಅವರು ಬಾಯಲ್ಲಿ ಹೇಳಿದ್ದಕ್ಕೆ ನನ್ನ ಹತ್ತಿರ ಸಾಕ್ಷಿ ಇರಲಿಲ್ಲ. ಒಂದು ಡಾಲರ್ ಕೂಡ ವಾಪಸ್ ಬರಲಿಲ್ಲ.

ಕಾಗದದ ವಿಷಯದಲ್ಲಿ ಇನ್ನೂ ಒಂದು ಮಾತು. ಮುಂದೆ ಊರಿಗೆ ಸಾಗಿಸುವ ಆಲೋಚನೆ ಇದ್ದವರು ಇದನ್ನು ಗಮನಿಸಿ. ಅಪರೂಪದ ಗಿಡಮರಗಳ ವ್ಯಾಪಾರಕ್ಕೆ ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದ ಇದೆ. 2017ರಿಂದ ಡಾಲ್ಬರ್ಜಿಯಾ ಜಾತಿಯ ಮರಗಳೆಲ್ಲ ಅದರೊಳಗೆ ಬಂದಿವೆ. ಚೀನೀಯರು ಹ್ವಾಂಗ್‌ಹ್ವಾಲಿಯ ಜೊತೆಗೆ ತಲೆ ಮೇಲೆ ಹೊತ್ತುಕೊಳ್ಳುವ ಇನ್ನೊಂದು ಮರ ಜಿತಾನ್. ಅದು ಬೇರೆ ಯಾವುದೂ ಅಲ್ಲ, ಆಂಧ್ರದ ಬೆಟ್ಟಗಳ ನಮ್ಮ ರಕ್ತಚಂದನ. ಕ್ವಿಂಗ್ ದೊರೆಗಳ ಅರಮನೆಗೆ ಪೀಠೋಪಕರಣವಾದ ಮರ. ಅದು 1995ರಿಂದಲೇ ಪಟ್ಟಿಯಲ್ಲಿದೆ. ಅಂದರೆ ಹ್ವಾಂಗ್‌ಹ್ವಾಲಿ ಕಪಾಟು ಅಸಲಿಯಾಗಿದ್ದರೆ ಗಡಿ ದಾಟಿಸೋಕೆ ಪರವಾನಗಿ ಬೇಕು. ನಾನು ಕೊಂಡಾಗ ಅಂಗಡಿಯವರು "ಪೇಪರ್ ಏನೂ ಬೇಡ, ಆರಾಮಾಗಿ ಕಳಿಸಿ" ಅಂದಿದ್ದರು. ಆ ಮಾತಿನಲ್ಲೇ ಮರ ಯಾವುದಲ್ಲ ಅನ್ನುವುದು ಗೊತ್ತಾಗಬೇಕಿತ್ತು. ಮೇನ್‌ಲ್ಯಾಂಡ್ ಚೀನಾದಲ್ಲಿ ಕೊಳ್ಳುವವರಿಗೆ ಇನ್ನೂ ಬಿಗಿ ಇದೆ. 1911ಕ್ಕಿಂತ ಹಿಂದಿನ ವಸ್ತುಗಳನ್ನು ಅಲ್ಲಿಂದ ಹೊರಗೆ ಒಯ್ಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಮಿಂಗ್ ಕಾಲದ್ದನ್ನೇ ನಿಮ್ಮ ಮನೆಗೆ ಪಾರ್ಸೆಲ್ ಮಾಡುತ್ತೇವೆ ಅಂದರೆ ಒಂದೋ ವಸ್ತು ಸುಳ್ಳು, ಇಲ್ಲವೇ ಕೆಲಸ ಕಳ್ಳದಾರಿಯದು.

ಇದಾದ ಮೇಲೆ ಶಾಂಘೈ ಮ್ಯೂಸಿಯಂಗೆ ಹೋಗಿಬಂದೆ. ವಾಂಗ್ ಶಿಶಿಯಾಂಗ್ ಅನ್ನುವ, ಚೀನೀ ಪೀಠೋಪಕರಣಗಳ ದೊಡ್ಡ ವಿದ್ವಾಂಸರ ಸಂಗ್ರಹದ 79 ವಸ್ತುಗಳು ಆ ಮ್ಯೂಸಿಯಂಗೆ ಸೇರಿವೆ. ಅಲ್ಲಿ ಗಂಟೆಗಟ್ಟಲೆ ನಿಂತು ನೋಡಿದೆ. ಅಸಲಿ ಮೇಲ್ಮೈ ಎಲ್ಲ ಕಡೆ ಒಂದೇ ಸಮ ಹೊಳೆಯುವುದಿಲ್ಲ. ಕೈ ತಾಗುವ ಕಡೆ ಒಂದು ಥರ, ತಾಗದ ಕಡೆ ಇನ್ನೊಂದು ಥರ. ಇದನ್ನು ಕೊಳ್ಳುವ ಮೊದಲೇ ನೋಡಿರಬೇಕಿತ್ತು.

ನನ್ನ ಕಪಾಟಿನ ತಳ, ಗೂಟ, ಕಾಲು, ಆ ಬಿಳಿಚಿದ ಪಟ್ಟಿ ಎಲ್ಲದರ ಫೋಟೋ ಹತ್ತಿರದಿಂದ ತೆಗೆದಿಟ್ಟಿದ್ದೇನೆ. ಬಡಗಿಯವರು ಪಟ್ಟಿಗೆ ಬಣ್ಣ ಹಚ್ಚಿಕೊಡುತ್ತೇನೆ ಅಂದಿದ್ದರು, ಬೇಡ ಅಂದೆ. ಅಡ್ವಾನ್ಸ್ ಕೊಡೋಕೆ ಹೊರಟವರು ಯಾರಾದರೂ ಇದ್ದರೆ ಮೊದಲು ಒಂದು ಮೆಸೇಜ್ ಹಾಕಿ. ಫೋಟೋ ಕಳಿಸುತ್ತೇನೆ. ಹಾಂಗ್‌ಕಾಂಗ್‌ನಲ್ಲೇ ಇದ್ದರೆ ಮನೆಗೆ ಬನ್ನಿ, ಬಾಗಿಲು ಕಳಚುವುದು ಹೇಗೆ ಅಂತ ತೋರಿಸುತ್ತೇನೆ.