ಕಮಾಂಡ್ ಸಾಲಿಗೆ ಬಣ್ಣ: ಫಿಶ್, ಬ್ಯಾಶ್, ಝಡ್‌ಶೆಲ್‌ಗಳಲ್ಲಿ ನನ್ನ ಆಯ್ಕೆ ಝಡ್‌ಶೆಲ್

ಫಿಶ್, ಬ್ಯಾಶ್, ಝಡ್‌ಶೆಲ್ ಮೂರೂ ಶೆಲ್‌ಗಳು, ಅಂದರೆ ಟರ್ಮಿನಲ್‌ನಲ್ಲಿ ನಾವು ಟೈಪ್ ಮಾಡುವ ಕಮಾಂಡ್ ಓದಿ ನಡೆಸುವ ಪ್ರೋಗ್ರಾಂಗಳು. ನನಗೆ ಎಂಟರ್ ಒತ್ತುವ ಮುಂಚೆಯೇ ತಪ್ಪು ಕಮಾಂಡ್ ಕೆಂಪಗೆ ಕಾಣಬೇಕು. ಮೂರನ್ನೂ ಬಳಸಿ ನೋಡಿ ನಾನು ಉಳಿಸಿಕೊಂಡಿದ್ದು ಝಡ್‌ಶೆಲ್ ಮತ್ತು ಅದರ ಸಿಂಟ್ಯಾಕ್ಸ್ ಹೈಲೈಟಿಂಗ್ (ಕಮಾಂಡಿನ ಭಾಗಗಳಿಗೆ ಬಣ್ಣ ಕೊಡುವ) ಪ್ಲಗಿನ್. ಎಲ್ಲವೂ ಪುಕ್ಕಟೆ, ಹಾಗಾಗಿ ಇಲ್ಲಿ ಲೆಕ್ಕಕ್ಕೆ ಬರುವುದು ಕೈಗೆ ಕೂತ ಅಭ್ಯಾಸ ಮಾತ್ರ.

ಫಿಶ್‌ನಲ್ಲಿ ಹಾಕಿದ ಕ್ಷಣವೇ ಬಣ್ಣ ಬರುತ್ತದೆ, ಯಾವ ಫೈಲನ್ನೂ ಮುಟ್ಟಬೇಕಿಲ್ಲ. ಆದರೆ ಅದರ ವ್ಯಾಕರಣವೇ ಬೇರೆ. ಹಿಂದಿನ ಕಮಾಂಡ್ ಯಶಸ್ವಿಯಾಯಿತೋ ಇಲ್ಲವೋ ನೋಡಲು ಬ್ಯಾಶ್‌ನ ಡಾಲರ್-ಪ್ರಶ್ನೆಚಿಹ್ನೆ ನಡೆಯುವುದಿಲ್ಲ, ಸ್ಟೇಟಸ್ ಎನ್ನುವ ವೇರಿಯೇಬಲ್ ಬಳಸಬೇಕು. ಹಲವು ಸಾಲುಗಳ ಪಠ್ಯವನ್ನು ಕಮಾಂಡಿಗೆ ಒಟ್ಟಿಗೆ ಕೊಡುವ ಹಿಯರ್‌ಡಾಕ್ ಇಲ್ಲವೇ ಇಲ್ಲ. ಪೈಥಾನ್ ವೆನ್ವ್‌ಗೂ (ಪ್ರಾಜೆಕ್ಟಿಗೆಂದೇ ಇರುವ ಪ್ರತ್ಯೇಕ ಪೈಥಾನ್ ಪರಿಸರ) ಫಿಶ್‌ಗೆಂದೇ ಇರುವ ಆ್ಯಕ್ಟಿವೇಟ್ ಫೈಲ್ ಬೇಕು. ದಿನವಿಡೀ ಸರ್ವರ್‌ನ ಬ್ಯಾಶ್‌ನಲ್ಲಿ ಕೆಲಸ ಮಾಡುವವರಿಗೆ ಇದು ಕಿರಿಕಿರಿ.

ಬ್ಯಾಶ್ ಬಿಡಲಾರದವರಿಗೆ ಅದರ ಕಮಾಂಡ್ ಸಾಲಿಗೆ ಬಣ್ಣ ಕೊಡುವ ಬ್ಲೆ-ಡಾಟ್-ಎಸ್ಎಚ್ ಎಂಬ ಲೈನ್ ಎಡಿಟರ್ ಇದೆ. ಇಡೀ ಎಡಿಟರನ್ನು ಬ್ಯಾಶ್‌ನಲ್ಲೇ ಬರೆದಿದ್ದಾರೆ. ಹಾಗಾಗಿ ಹಳೆಯ ಲ್ಯಾಪ್‌ಟಾಪಿನಲ್ಲಿ ಟರ್ಮಿನಲ್ ತೆರೆಯುವುದು ನಿಧಾನ.

ಝಡ್‌ಶೆಲ್ ಪ್ಲಗಿನ್‌ನಲ್ಲಿ ಸಿಕ್ಕಿಬೀಳುವುದು ಒಂದೇ ಕಡೆ. ಉಬುಂಟುವಿನಲ್ಲಿ ಆಪ್ಟ್‌ನಿಂದ (ಪ್ಯಾಕೇಜ್ ಹಾಕುವ ಕಮಾಂಡ್) ಹಾಕಿದ ಮೇಲೂ ಬಣ್ಣ ತಾನಾಗಿ ಬರುವುದಿಲ್ಲ. ಝಡ್‌ಶೆಲ್ ಶುರುವಾದಾಗ ಓದುವ ಝಡ್‌ಎಸ್ಎಚ್‌ಆರ್‌ಸಿ ಫೈಲಿನಲ್ಲಿ, ಪ್ಲಗಿನ್ ಫೈಲನ್ನು ಲೋಡ್ ಮಾಡುವ ಸೋರ್ಸ್ ಸಾಲು ಸೇರಿಸಬೇಕು. ಆ ಸಾಲು ಕಟ್ಟಕಡೆಯದಾಗಿರಬೇಕು. ಯಾಕೆಂದರೆ ಪ್ಲಗಿನ್ ಝಡ್‌ಶೆಲ್‌ನ ಲೈನ್ ಎಡಿಟರ್‌ಗೆ ಕೊಕ್ಕೆ ಹಾಕಿ, ತನ್ನ ಸರದಿ ಬಂದಾಗ ಸಾಲು ಹೇಗಿದೆಯೋ ಹಾಗೆ ಬಣ್ಣ ಬಳಿಯುತ್ತದೆ. ಅದರ ನಂತರ ಇನ್ನೊಂದು ಪ್ಲಗಿನ್ ಸಾಲನ್ನು ಬದಲಿಸಿದರೆ ಆ ಬದಲಾವಣೆ ಇದರ ಕಣ್ಣಿಗೆ ಬೀಳುವುದಿಲ್ಲ. ಝಡ್‌ಶೆಲ್ ಪ್ಲಗಿನ್‌ಗಳನ್ನು ನಿರ್ವಹಿಸುವ ಓ-ಮೈ-ಝಡ್‌ಶೆಲ್ ಬಳಸುವವರು ಪ್ಲಗಿನ್ ಪಟ್ಟಿಯಲ್ಲೂ ಇದನ್ನು ಕೊನೆಗೇ ಇಡಿ.

ಬಣ್ಣ ಬದಲಿಸುವ ಸಾಲುಗಳು ಮಾತ್ರ ಈ ಸೋರ್ಸ್ ಸಾಲಿನ ಕೆಳಗೆ ಬರಬೇಕು. ಯಾವುದಕ್ಕೆ ಯಾವ ಬಣ್ಣ ಎಂಬ ಪಟ್ಟಿ, ಅಂದರೆ ಸ್ಟೈಲ್‌ಗಳ ಅಸೋಸಿಯೇಟಿವ್ ಅರೇ, ಹುಟ್ಟುವುದೇ ಅಲ್ಲಿ. ಮೇಲೆ ಬರೆಯುವುದಾದರೆ ಟೈಪ್‌ಸೆಟ್ ಕಮಾಂಡ್‌ನಿಂದ ಆ ಅರೇಯನ್ನು ನೀವೇ ಮೊದಲು ಘೋಷಿಸಬೇಕು.

ಇಷ್ಟು ಸರಿಯಾದರೆ ಸಿಗುವ ಲಾಭ ದೊಡ್ಡದು. ಗಿಟ್ ಕಮಾಂಡ್ ಬದಲು ಜಿ-ಟಿ-ಐ ಎಂದು ಹೊಡೆದರೆ ಕೆಂಪು ಹೋಗುವುದೇ ಇಲ್ಲ. ಸಿಂಗಲ್ ಕೋಟ್ ಮುಚ್ಚಲು ಮರೆತರೆ ಮುಂದಿನದೆಲ್ಲ ಹಳದಿ. ಡಿಸ್ಕ್‌ನಲ್ಲಿ ನಿಜವಾಗಿ ಇರುವ ಫೈಲ್ ಹೆಸರಿನ ಕೆಳಗೆ ಗೆರೆ ಬೀಳುತ್ತದೆ. ಫೈಲ್ ಅಳಿಸುವ ಆರ್‌ಎಂ ಕಮಾಂಡ್‌ಗೆ ಎಂಟರ್ ಒತ್ತುವ ಮುಂಚೆ ನಾನು ನೋಡುವುದೇ ಆ ಗೆರೆಯನ್ನು.

ಉದ್ದದ ಕಮಾಂಡ್ ಪೇಸ್ಟ್ ಮಾಡಿದಾಗ ಅಕ್ಷರಗಳು ತಡವಾಗಿ ಮೂಡಿದರೆ, ಪ್ಲಗಿನ್‌ನ ಮ್ಯಾಕ್ಸ್‌ಲೆಂತ್ ವೇರಿಯೇಬಲ್‌ಗೆ 300 (ಅಕ್ಷರ) ಕೊಡಿ. ಅದಕ್ಕಿಂತ ಉದ್ದದ ಸಾಲಿಗೆ ಬಣ್ಣ ಬಳಿಯುವುದನ್ನೇ ಬಿಡುತ್ತದೆ.