ರಾತ್ರಿ ಫೋಟೋದ ನಾಯ್ಸ್: ಡೀನಾಯ್ಸ್ ಮಾಡಬೇಕಾ, ಅಳತೆ ಇಳಿಸಬೇಕಾ?

ಮಾಟುಂಗಾದ ಗೆಳೆಯರೊಬ್ಬರು ಮರೀನ್ ಡ್ರೈವ್‌ನ ರಾತ್ರಿ ಫೋಟೋಗಳನ್ನು ಸ್ಟಾಕ್ ಸೈಟಿಗೆ (ಫೋಟೋಗಳನ್ನು ಮಾರಿಕೊಡುವ ಜಾಲತಾಣಕ್ಕೆ) ಕಳಿಸಿದ್ದರು. ನಾಯ್ಸ್ (ಕತ್ತಲಲ್ಲಿ ತೆಗೆದ ಫೋಟೋದಲ್ಲಿ ಕಾಣುವ ಮರಳಿನಂಥ ಚುಕ್ಕಿಗಳು) ಜಾಸ್ತಿ ಅಂತ ಎಲ್ಲವೂ ವಾಪಸ್ ಬಂದವು. ಬೇಜಾರಾಗುತ್ತದೆ, ಅಲ್ವಾ? ಸರಿಪಡಿಸಲು ಎರಡು ದಾರಿಗಳಿವೆ.

ಒಂದು, ಲೈಟ್‌ರೂಮ್‌ನಂಥ ಸಾಫ್ಟ್‌ವೇರಿನಲ್ಲಿ ಡೀನಾಯ್ಸ್, ಅಂದರೆ ಆ ಚುಕ್ಕಿಗಳನ್ನು ಅಳಿಸುವುದು. ಫೋಟೋದ ಅಳತೆ ಹಾಗೇ ಉಳಿಯುತ್ತದೆ, ದೊಡ್ಡ ಪ್ರಿಂಟ್ ಬೇಕಾದವರಿಗೂ ಆಗುತ್ತದೆ. ಆದರೆ ಸ್ಲೈಡರ್ ಸ್ವಲ್ಪ ಹೆಚ್ಚು ಎಳೆದರೆ ಸಾಕು, ಕಟ್ಟಡಗಳ ಕಿಟಕಿ, ಅಲೆ ತಡೆಯುವ ಕಾಂಕ್ರೀಟ್ ಟೆಟ್ರಾಪಾಡ್‌ಗಳ ಒರಟು ಮೈ ಎಲ್ಲ ಮೇಣದ ಹಾಗೆ ನುಣ್ಣಗಾಗುತ್ತವೆ. ಅಂಥದ್ದೂ ವಾಪಸ್ ಬರಬಹುದು. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಮೂಲ ಫೈಲ್) ಇದ್ದರೆ ಫಲಿತಾಂಶ ಚೆನ್ನ. ಜೆಪೆಗ್‌ನಲ್ಲಿ ಅಷ್ಟಿಲ್ಲ.

ಇನ್ನೊಂದು, ಅಳತೆ ಇಳಿಸುವುದು. 24 ಮೆಗಾಪಿಕ್ಸೆಲ್‌ನ 6000×4000 ಫೋಟೋವನ್ನು 3000×2000ಕ್ಕೆ ತನ್ನಿ. ನಾಲ್ಕು ಪಿಕ್ಸೆಲ್ ಸೇರಿ ಒಂದಾಗುವುದರಿಂದ ನಾಯ್ಸ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. 6 ಮೆಗಾಪಿಕ್ಸೆಲ್ ಉಳಿಯುತ್ತದೆ. ಅಡೋಬಿ ಸ್ಟಾಕ್, ಶಟರ್‌ಸ್ಟಾಕ್ ಎರಡಕ್ಕೂ ಕನಿಷ್ಠ 4 ಬೇಕು. ಫೋನಿನ 12 ಮೆಗಾಪಿಕ್ಸೆಲ್ ಫೋಟೋವನ್ನು ಹೀಗೆ ಇಳಿಸಿದರೆ 3 ಆಗುತ್ತದೆ, ಒಳಗೇ ಬಿಡುವುದಿಲ್ಲ.

ನಾನಾದರೆ ಮೊದಲು ಹಗುರವಾಗಿ ಡೀನಾಯ್ಸ್ ಮಾಡಿ, ಶೇ. 100ಕ್ಕೆ ಝೂಮ್ ಮಾಡಿ ನೋಡುತ್ತೇನೆ. ಸಾಲದಿದ್ದರೆ ಮಾತ್ರ ಅಳತೆ ಇಳಿಸುತ್ತೇನೆ. ಮುಂದಿನ ಸಲ ಕ್ಯಾಮೆರಾವನ್ನು ಅಲುಗದಂತೆ ಕಟ್ಟೆಯ ಮೇಲಿಟ್ಟು ಐಎಸ್‌ಒ 100ರಲ್ಲಿ ತೆಗೆಯಿರಿ. ಐಎಸ್‌ಒ ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಎಂಬ ಸೆಟ್ಟಿಂಗ್; ಅದು ಕಡಿಮೆಯಿದ್ದರೆ ನಾಯ್ಸ್ ಕೂಡ ಕಡಿಮೆ.