ನಾಲ್ಕು ಕರೆಗೆ ಸಾಕಾಗುವ ಫೋನ್: ಜಿಯೋಭಾರತ್ ವಿ2

ದಿನಕ್ಕೆ ನಾಲ್ಕು ಕರೆ, ಆಗೊಂದು ಈಗೊಂದು ಒಟಿಪಿ. ಬಳಕೆ ಇಷ್ಟೇ ಆದರೆ 2023ರ ಜುಲೈನಲ್ಲಿ 999 ರೂಪಾಯಿಗೆ ಬಂದ ಈ ಕೀಪ್ಯಾಡ್ ಫೋನ್ ಸಾಕು. 4ಜಿ ಇದೆ, 1000 ಎಂಎಎಚ್ ಬ್ಯಾಟರಿ ಬಿಚ್ಚಿ ಬದಲಿಸಬಹುದು, ಯುಪಿಐ ಕೂಡ ಉಂಟು. ಬಿಡುಗಡೆಯ ಹೊತ್ತಿಗೆ ಇದಕ್ಕೆಂದೇ ತಂದ 123 ರೂಪಾಯಿ ಪ್ಲಾನಿಗೆ 28 ದಿನ ಅನ್‌ಲಿಮಿಟೆಡ್ ಕರೆ, 14 ಜಿಬಿ ಡೇಟಾ. ಪರದೆ 1.77 ಇಂಚು, ಚಾಳೀಸು ಬಂದವರು ಅಂಗಡಿಯಲ್ಲೇ ಒಂದು ಮೆಸೇಜ್ ಓದಿ ನೋಡಲಿ. ದೊಡ್ಡ ತೊಡಕು: ಜಿಯೋ ಸಿಮ್ ಬಿಟ್ಟು ಬೇರೆ ಯಾವುದೂ ಇದರಲ್ಲಿ ನಡೆಯದು.

2023ರ ನೋಕಿಯಾ 105ರದ್ದು ತಿರುಗುಮುರುಗು ಕಥೆ. ಅದು 2ಜಿ, ಜಿಯೋಗೆ 2ಜಿಯೇ ಇಲ್ಲ, ಹಾಗಾಗಿ ಆ ಸಿಮ್ ಹಾಕಿದರೆ ಸಿಗ್ನಲ್ ಸೊನ್ನೆ. ಏರ್‌ಟೆಲ್‌ನವರಿಗೆ ಅಡ್ಡಿಯಿಲ್ಲ.

ಯಾವ ಫೋನ್ ಕೊಂಡರೂ, 90 ದಿನ ಏನೂ ಬಳಸದೆ, ಬ್ಯಾಲೆನ್ಸ್ 20 ರೂಪಾಯಿಗಿಂತ ಕೆಳಗಿದ್ದರೆ ನಂಬರೇ ಕೈತಪ್ಪಬಹುದು.